ರಾಮಲಕ್ಷ್ಮಮ್ಮನ ಇಪ್ಪತ್ತೇಳು ಮಕ್ಕಳು

ತೆಂಗಿನ ಸೀಮೆಯಲ್ಲಿ ಒಬ್ಬ ಹೆಂಗಸು ಇದ್ದಳಂತೆ. ಅವಳ ಕೈಗೆ ಒಂದು ಪೆಟ್ಟಿಗೆ ತುಂಬ ಚಳಿಗಾಲ ಕೊಟ್ಟು, ಇದನ್ನು ಬಿಸಿಲಿನ ಊರಿಗೆ ಮುಟ್ಟಿಸು ಅಂದರಂತೆ. ದಾರಿಯಲ್ಲಿ ಯಾರ ಕೈಗೂ ಕೊಡಬಾರದು. ಕೊಟ್ಟರೆ? ಕೊಟ್ಟರೆ ಗುಡುಗುವುದಿಲ್ಲ, ಮಿಂಚುವುದಿಲ್ಲ. ಪೆಟ್ಟಿಗೆ ಹಾಗೇ ಇರುತ್ತದೆ, ಒಳಗಿನ ಜೀವ ಮಾತ್ರ ಸದ್ದಿಲ್ಲದೆ ಎದ್ದು ಹೋಗಿರುತ್ತದೆ.

ನಮ್ಮಜ್ಜಿ ಬದುಕಿದ್ದರೆ ಈ ಕಥೆಯನ್ನು ಹೀಗೆ ಶುರುಮಾಡುತ್ತಿದ್ದಳೇನೋ. ಆದರೆ ಅವಳ ಕಥೆಗಳಲ್ಲಿ ತಪ್ಪಿ ನಡೆದವರು ಕಲ್ಲಾಗಿಬಿಡುತ್ತಿದ್ದರು, ಅಲ್ಲಿಗೆ ಕಥೆ ಮುಗಿಯುತ್ತಿತ್ತು. ರಾಮಲಕ್ಷ್ಮಮ್ಮ ಕಲ್ಲಾಗಿಲ್ಲ. ಬೆಳಗಿನ ಐದೂವರೆಗೆ ಪೇಟೆಯ ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತು, ಫ್ರಿಜ್ಜಿನಿಂದ ಗಟ್ಟಿ ಮಂಜಿನ ನಾಲ್ಕು ಡಬ್ಬಿಗಳನ್ನು ತೆಗೆಸಿ, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡುತ್ತಿದ್ದಾರೆ. ಟಣ್ ಅನ್ನಬೇಕು. ಒಂದು ಅನ್ನಲಿಲ್ಲ. "ಇದು ಒಳಗೆ ನೀರಾಗೈತೆ ಕಣಪ್ಪ, ಬೇರೆ ಕೊಡು" ಎಂದು ವಾಪಸ್ಸು ಕೊಡುತ್ತಾರೆ. ನಾಲ್ಕು ಡಬ್ಬಿಗಳ ನಡುವೆ ಪೋಲಿಯೋ ಹನಿಯ ಪುಟ್ಟ ಸೀಸೆ ಕೂರುತ್ತದೆ. ಮುಚ್ಚಳ ಬೀಳುತ್ತದೆ. ಆರೂಕಾಲರ ಬಸ್ಸಿಗೆ ಇನ್ನು ಓಡಬೇಕು.

ಅದೇ ಬಸ್ಸಿನಲ್ಲಿ ನಾನು ಮೂರು ವರ್ಷ ಕಾಲೇಜಿಗೆ ಓಡಾಡಿದ್ದೇನೆ. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು, ಮೀನಿರಬೇಕು ಎಂದುಕೊಂಡು ಸೀರೆಯ ನೆರಿಗೆ ಎತ್ತಿ ಆಚೆ ಸರಿದು ಕೂತಿದ್ದೇನೆ. ಒಂದು ದಿನವೂ ಕೇಳಲಿಲ್ಲ. ಇವತ್ತು ಪಕ್ಕದಲ್ಲಿ ಕೂತು ಅದನ್ನು ಹೇಳಿದರೆ ಅವರು ನಗುತ್ತಾರೆ. "ಮೀನೇ ಆಗಿದ್ರೆ ಚೆನ್ನಾಗಿತ್ತು ಬುಡಮ್ಮ. ಕೆಟ್ಟರೆ ನಾತಾನಾದ್ರೂ ಹೊಡೀತಿತ್ತು."

ನಲವತ್ತಾರು ವರ್ಷದ ರಾಮಲಕ್ಷ್ಮಮ್ಮ ತುರುವೇಕೆರೆ ಕಡೆಯವರು. ಸೋದರತ್ತೆ ಹೆರಿಗೆಯಲ್ಲಿ ತೀರಿಕೊಂಡ ವರ್ಷವೇ ಹಟ ಹಿಡಿದು ದಾದಿಯ ತರಬೇತಿಗೆ ಸೇರಿದವರು. ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಐದು ಹಳ್ಳಿ, ಒಂಬತ್ತು ಪಾಳ್ಯ, ನಾಲ್ಕು ಸಾವಿರದ ಎಂಟುನೂರು ಜನ ಇವರ ಪಾಲಿಗೆ. ಹೋದ ವರ್ಷ ಅರವತ್ತೊಂದು ಹೆರಿಗೆ. ಹನಿ ಹಾಕುವ ದಿನ ಬಸ್ಸಿಳಿದ ಮೇಲೆ ನಾಲ್ಕು ಮೈಲಿ ನಡಿಗೆ, ಕೈಯಲ್ಲಿ ಐದು ಕಿಲೋ ತೂಗುವ ಪೆಟ್ಟಿಗೆ. ಗಂಡ ನಂಜುಂಡಪ್ಪ ಕಾಯಿ ಸುಲಿಯುವ ಕೆಲಸದವರು. "ನಮ್ಮನೇಲಿ ಎಲ್ಲ ತಣ್ಣಗೇ ಕಣ್ರೀ" ಎಂದು ನನ್ನೆದುರೇ ಹೆಂಡತಿಯನ್ನು ಕೆಣಕುತ್ತಾರೆ. "ಪೆಟ್ಟಿಗೇನೂ ತಣ್ಣಗೆ, ಸಾರೂ ತಣ್ಣಗೆ."

ಇಂಥವರ ಬಗ್ಗೆ ಪತ್ರಿಕೆಗೆ ಬರೆಯುವಾಗ ಹೊಗಳಿ ಬರೆಯುವುದು ವಾಡಿಕೆ. ನಾನೂ ಹಾಗೇ ಬರೆಯಲು ಹೋಗಿದ್ದೆ. ಪುಸ್ತಕ ತೆರೆದ ಕೂಡಲೇ ಅವರು ಅದರ ಮೇಲೆ ಕೈ ಇಟ್ಟರು. "ಮೊದ್ಲು ಹಾಲ್ಕುರಿಕೆ ಕಡೆ ಪಾಳ್ಯದ ವಿಷ್ಯ ಬರ್ಕೊ. ಅದು ಬರೀದಿದ್ರೆ ಮಿಕ್ಕಿದ್ದೂ ಬೇಡ."

ಪಾಳ್ಯದ ಹೆಸರು ಬರೆಯಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ. ಅಲ್ಲಿ ನಡೆದದ್ದು ಇಷ್ಟು.

ಎರಡು ವರ್ಷದ ಹಿಂದೆ, ಎಂಬತ್ತೈದರ ಏಪ್ರಿಲ್‌ನಲ್ಲಿ, ಇಪ್ಪತ್ತೇಳು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಭೈರಮ್ಮನವರ ಮನೆ ಜಗಲಿಗೆ ಬಂದಿದ್ದರು. ಅಷ್ಟು ಜನ ಬರುವ ಹಾಗೆ ಮಾಡಲು ರಾಮಲಕ್ಷ್ಮಮ್ಮನಿಗೆ ಎರಡು ವರ್ಷ ಹಿಡಿದಿತ್ತು. ಪೆಟ್ಟಿಗೆ ಇಟ್ಟು ಕೂರುವಷ್ಟರಲ್ಲಿ ಪಕ್ಕದ ಪಾಳ್ಯದಿಂದ ಕೂಗು ಬಂತು. ಕೂಸು ಅಡ್ಡ ತಿರುಗಿದೆ, ತಾಯಿ ಉಳಿಯುವುದು ಕಷ್ಟ. ಪೆಟ್ಟಿಗೆಯನ್ನು ಭೈರಮ್ಮನಿಗೆ ಒಪ್ಪಿಸಿ, "ಮಕ್ಕಳ ಕೈಗೆ ಸಿಗದಂಗೆ ಜ್ವಾಪಾನವಾಗಿ ನೋಡ್ಕೊ ಭೈರಕ್ಕ" ಎಂದು ಹೇಳಿ ಓಡಿದರು. ತಣ್ಣಗಿರಲಿ ಎಂದು ಹೇಳಲಿಲ್ಲ. ಅದನ್ನೂ ಹೇಳಬೇಕೆಂದು ಹೊಳೆಯಲಿಲ್ಲ.

ನಮ್ಮ ಸೀಮೆಯಲ್ಲಿ ಜೋಪಾನ ಎಂದರೆ ಏನು ಎನ್ನುವುದು ತೆಂಗು ಬೆಳೆದವರಿಗೆಲ್ಲ ಗೊತ್ತು. ಕಾಯಿಯನ್ನು ಅಟ್ಟಕ್ಕೇರಿಸಿ ವರ್ಷವಿಡೀ ಬಿಡುತ್ತೇವೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಅಲ್ಲಾಡಬೇಕು. ತೇವ ತಗುಲಿತೋ, ಕೊಳೆಯಿತು. ತೇವವೇ ನಮ್ಮ ಶತ್ರು. ಭೈರಮ್ಮ ನೋಡುತ್ತಾರೆ, ಪೆಟ್ಟಿಗೆ ಬೆವರುತ್ತಿದೆ. ಮುಚ್ಚಳ ತೆಗೆದರೆ ಒಳಗೆಲ್ಲ ಒದ್ದೆ. ಅಯ್ಯೋ, ಔಷಧಿ ಕೊಳೆತುಹೋದೀತು ಎಂದು ಮಂಜಿನ ಡಬ್ಬಿಗಳನ್ನು ತೆಗೆದು ಜಗಲಿಯ ಬಿಸಿಲಿಗಿಟ್ಟರು. ಸೀಸೆಗಳನ್ನು ಸೆರಗಿನಿಂದ ಒರೆಸಿ ಮತ್ತೆ ಪೆಟ್ಟಿಗೆಯೊಳಗಿಟ್ಟರು. ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿ ಕಾಯಿಗಳ ನಡುವೆ, ಒಲೆಯ ನೇರಕ್ಕೆ, ಬೆಚ್ಚಗೆ ಇಟ್ಟರು.

ಮಧ್ಯಾಹ್ನ ಎರಡಕ್ಕೆ ರಾಮಲಕ್ಷ್ಮಮ್ಮ ವಾಪಸ್ಸು ಬಂದರು. ಅತ್ತ ತಾಯಿ, ಮಗು ಇಬ್ಬರೂ ಉಳಿದಿದ್ದರು. ಇತ್ತ ಸೀಸೆ ಮುಟ್ಟಿದರೆ ಒಲೆಯ ಪಕ್ಕದ ಚೆಂಬಿನ ಹಾಗೆ ಬೆಚ್ಚಗಿತ್ತು.

"ಗೊತ್ತಾಯ್ತು. ಮುಟ್ಟಿದ ತಕ್ಷಣ ಗೊತ್ತಾಯ್ತು. ಗೊತ್ತಾಗಲಿಲ್ಲ ಅಂತ ಬರೀಬೇಡ" ಎನ್ನುತ್ತಾರೆ. "ಆದ್ರೆ ಇಪ್ಪತ್ತೇಳು ಜನ ಬೆಳಗ್ಗಿಂದ ಕೂತವ್ರೆ. ಕೂಲಿ ಬಿಟ್ಟವ್ರೆ. ಇವತ್ತು ವಾಪಸ್ ಕಳ್ಸಿದ್ರೆ ಇನ್ನೆಂದೂ ಬರಲ್ಲ ಅನ್ನಿಸ್ತು. ಬಣ್ಣ ಹಂಗೇ ಐತೆ, ಒಂದಿಷ್ಟು ಕಾವು ಏನು ಮಾಡೀತು ಅಂತ ನನಗೆ ನಾನೇ ಹೇಳ್ಕೊಂಡೆ. ಇಪ್ಪತ್ತೇಳು ಬಾಯಿಗೂ ಹಾಕ್ದೆ. ರಿಜಿಸ್ಟರಿನಲ್ಲಿ ಹಾಕಲಾಗಿದೆ ಅಂತ ಬರ್ದೆ. ಅಕ್ಷರ ದುಂಡಗೆ ಬಂದಿತ್ತು."

ಜುಲೈನಲ್ಲಿ ಸುವರ್ಣಮ್ಮನವರ ಮಗಳು ಗಿರಿಜಾಗೆ ಜ್ವರ ಬಂತು. ಆಗ ತಾನೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದ ಮಗು. ಜ್ವರ ಇಳಿದ ಮೇಲೆ ಎಡಗಾಲು ಮೇಲೇಳಲಿಲ್ಲ. ಆ ಒಂದು ದಿನದ ಹನಿ ಸತ್ತಿದ್ದರಿಂದಲೇ ಹೀಗಾಯಿತು ಎಂದು ಯಾವ ವೈದ್ಯರೂ ಹೇಳುವುದಿಲ್ಲ, ಹೇಳಲಾಗುವುದೂ ಇಲ್ಲ. ರಾಮಲಕ್ಷ್ಮಮ್ಮ ಆ ಮಾತಿನ ಆಸರೆ ಹಿಡಿಯಲಿಲ್ಲ. ಹಾಗೆಂದು ಸತ್ಯವನ್ನೂ ಹೇಳಲಿಲ್ಲ. ಹನಿ ಹಾಕಿದ್ದಕ್ಕೇ ಕಾಲು ಹೋಯಿತು ಎಂದು ಊರು ಮಾತಾಡಿಕೊಂಡಿತು. ಮುಂದಿನ ತಿಂಗಳು ಜಗಲಿಗೆ ಒಬ್ಬರೂ ಬರಲಿಲ್ಲ. ಏಳು ತಿಂಗಳು ರಾಮಲಕ್ಷ್ಮಮ್ಮ ಆ ಕೇರಿಯಲ್ಲಿ ತಲೆ ತಗ್ಗಿಸಿ ಓಡಾಡಿದರು, ಗಿರಿಜಾ ಮನೆ ಮುಂದೆ ಹೋಗುವುದು ತಪ್ಪಲಿ ಎಂದು ಹಿತ್ತಲ ದಾರಿ ಹಿಡಿದರು.

ಬಾಯಿ ಬಿಡಿಸಿದ್ದು ಒಂದು ಜೀಪು. ಎಷ್ಟು ಮಕ್ಕಳಿಗೆ ಕಾಲು ಊನವಾಗಿದೆ, ಅವರಲ್ಲಿ ಎಷ್ಟು ಜನ ಹನಿ ಹಾಕಿಸಿಕೊಂಡಿದ್ದರು ಎಂದು ಲೆಕ್ಕ ಹಾಕಲು ಬೆಂಗಳೂರಿನಿಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದರು. ಸಂಶೋಧನೆಗಂತೆ. ಗಿರಿಜಾಳ ಕಾಲು ಮುಟ್ಟಿ ನೋಡಿ, ರಿಜಿಸ್ಟರು ನೋಡಿ, ತಮ್ಮ ಹಾಳೆಯಲ್ಲಿ ಬರೆದುಕೊಂಡರು: ಹನಿ ಹಾಕಿದೆ, ಆದರೂ ರೋಗ ಬಂದಿದೆ. ಜೀಪು ಹೊರಟಿತು.

"ನನ್ನ ಸುಳ್ಳು ಜೀಪ್ ಹತ್ತಿ ಹೋಯ್ತಾ ಐತೆ ಅನ್ನಿಸ್ತು ಕಣಮ್ಮ. ಬೆಂಗಳೂರಿಗೆ ಹೋಗ್ತದೆ, ಅಲ್ಲಿಂದ ಡೆಲ್ಲಿಗೆ ಹೋಗ್ತದೆ. ಔಷಧೀನೇ ಸರಿಯಿಲ್ಲ ಅಂತ ದೊಡ್ಡ ಪುಸ್ತಕದಲ್ಲಿ ಬರೀತಾರೆ. ಎಲ್ಲೆಲ್ಲಿ ಯಾವ್ಯಾವ ತಾಯಿ ಓದ್ತಾಳೋ. ಚಪ್ಪಲಿ ಅಲ್ಲೇ ಬಿಟ್ಟು ಓಡ್ದೆ. ಕೆರೆ ಏರಿ ಮೇಲೆ ಸಿಕ್ತು."

ಡಾಕ್ಟರು ಎಲ್ಲ ಕೇಳಿ, ಬರೆದ ಸಾಲನ್ನು ಹೊಡೆದುಹಾಕಿದರು. ಬೈಯಲಿಲ್ಲ. "ಊರವರಿಗೆ ಹೇಳಿದ್ದೀರಾ?" ಎಂದಷ್ಟೇ ಕೇಳಿದರು.

ಮಾರನೆಯ ದಿನ ರಾಮಲಕ್ಷ್ಮಮ್ಮ ಅರಳಿಕಟ್ಟೆಯ ಮುಂದೆ ನಿಂತು ಹೇಳಿದರು. ಹೇಳುವಾಗ ಭೈರಮ್ಮನ ಹೆಸರಾಗಲಿ ಅಟ್ಟದ ಮಾತಾಗಲಿ ತೆಗೆಯಲಿಲ್ಲ. "ಪೆಟ್ಟಿಗೆ ಬಿಟ್ಟು ಹೋದೆ, ಔಷಧಿ ಸತ್ತಿತ್ತು, ಗೊತ್ತಿದ್ದೂ ಹಾಕಿದೆ" ಎಂದರು. ಒಬ್ಬರು ಉಗಿದರು. ಒಬ್ಬರು ಪೆಟ್ಟಿಗೆ ಒದೆಯಲು ಬಂದರು. ಸುವರ್ಣಮ್ಮ ಮಾತ್ರ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು. ಎಲ್ಲರ ಕೂಗು ಇಳಿದ ಮೇಲೆ ಹೇಳಿದರು:

"ಅವತ್ತೇ ಹೇಳಿದ್ರೆ ಇನ್ನೊಂದಿನ ಬತ್ತಿದ್ದೆ ಕಣಮ್ಮ. ಒಂದು ಕೊಬ್ಬರಿಗೆ ವರ್ಷಗಟ್ಲೆ ಕಾಯೋ ಜನ ನಾವು. ನಮಗೆ ಕಾಯಾಕೆ ಬರಕಿಲ್ಲ ಅಂತ ಯಾರು ಹೇಳಿದ್ರು ನಿಂಗೆ?"

ಈ ಮಾತನ್ನು ನನಗೆ ಒಪ್ಪಿಸುವಾಗ ರಾಮಲಕ್ಷ್ಮಮ್ಮ ಕಿಟಕಿಯ ಆಚೆ ನೋಡುತ್ತಾರೆ. ಬಸ್ಸಿನ ಶಬ್ದದಲ್ಲಿ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಮೇಲಿನವರಿಂದ ಮೆಮೊ ಬಂದದ್ದು, ಬೇರೆ ಊರಿಗೆ ವರ್ಗ ಮಾಡುತ್ತೇವೆ ಎಂದದ್ದು, ಬೇಡವೆಂದು ಕೈ ಮುಗಿದದ್ದು, ಇವನ್ನೆಲ್ಲ ಗಟ್ಟಿಯಾಗಿಯೇ ಹೇಳಿದರು. ಕಟ್ಟೆಯ ಮುಂದೆ ಅವರು ಒಂದು ಮಾತು ಕೊಟ್ಟಿದ್ದರು: ಆ ದಿನದ ಹನಿಯನ್ನು ಇಪ್ಪತ್ತೇಳು ಮಕ್ಕಳಿಗೂ ಮತ್ತೆ ಹಾಕುತ್ತೇನೆ, ಅಲ್ಲಿಯವರೆಗೆ ಈ ಪಾಳ್ಯ ಬಿಟ್ಟು ಹೋಗುವುದಿಲ್ಲ.

ಮೊದಲು ಬಂದದ್ದು ಸುವರ್ಣಮ್ಮ. ಪೋಲಿಯೋದಲ್ಲಿ ಬೇರೆ ಬೇರೆ ಜಾತಿಯಿದೆ, ಒಮ್ಮೆ ಬಂದವರಿಗೂ ಹನಿ ಬೇಕು ಎಂದು ಕೇಳಿ ತಿಳಿದುಕೊಂಡು, ಗಿರಿಜಾಳನ್ನೇ ಎತ್ತಿಕೊಂಡು ಬಂದರು. ಅವರನ್ನು ಕಂಡು ಒಬ್ಬೊಬ್ಬರೇ ಬಂದರು. ಒಬ್ಬ ತಾಯಿ ನೊಣವಿನಕೆರೆಯ ತವರಿನಲ್ಲಿದ್ದಳು, ಪೆಟ್ಟಿಗೆ ಅಲ್ಲಿಗೆ ಹೋಯಿತು. ಒಂದು ಕುಟುಂಬ ಚಿಕ್ಕನಾಯಕನಹಳ್ಳಿಯ ಆಚೆ ಇಟ್ಟಿಗೆ ಸುಡಲು ಹೋಗಿತ್ತು. ಎರಡು ಬಸ್ಸು ಬದಲಿಸಿ ಅಲ್ಲಿಗೂ ಹೋಯಿತು. ಗೂಡಿನ ಕಾವು ತಾಗದಿರಲೆಂದು ರಾಮಲಕ್ಷ್ಮಮ್ಮ ದೂರದ ಹುಣಸೆ ಮರದ ಕೆಳಗೆ ಕೂತು ಮಗುವನ್ನು ಅಲ್ಲಿಗೇ ಕರೆಸಿಕೊಂಡರು. ಹದಿನೈದು ತಿಂಗಳಲ್ಲಿ ಇಪ್ಪತ್ತಾರು ಮಕ್ಕಳು ಮುಗಿದರು. ಉಳಿದದ್ದು ಭೈರಮ್ಮನ ಮೊಮ್ಮಗ ಬಸವರಾಜು. ತಾಯಿ ಪೇಟೆಯಲ್ಲಿ ಕಾಯಿ ಮಂಡಿಯ ಕೆಲಸಕ್ಕೆ ಹೋಗುತ್ತಾಳೆ, ಮಗು ಅಜ್ಜಿಯ ಹತ್ತಿರವೇ ಇರುತ್ತದೆ. ಪೆಟ್ಟಿಗೆ ಊರೊಳಗೆ ಕಾಲಿಟ್ಟರೆ ಸಾಕು, ಅಜ್ಜಿಯೂ ಇಲ್ಲ, ಮೊಮ್ಮಗನೂ ಇಲ್ಲ.

ನಾನು ಹೋದ ದಿನ ಭೈರಮ್ಮ ಜಗಲಿಯ ಮೇಲೆಯೇ ಇದ್ದಾರೆ. ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಾರೆ. ಪೆಟ್ಟಿಗೆ ಕಂಡರೂ ಏಳುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ.

"ಹುಡುಗ ಇಲ್ಲ. ಅವರವ್ವನ ಜೊತೆ ಹೋಗವ್ನೆ" ಎನ್ನುತ್ತಾರೆ.

ಒಳಗೆ ಅಟ್ಟದ ಮೇಲೆ ಒಂದು ಕಾಯಿ ಗಡಗಡ ಉರುಳುತ್ತದೆ. ಹಿಂದೆಯೇ ಮಗುವಿನ ಕಿಸಕ್ಕನೆ ನಗು.

"ಹೆಗ್ಗಣ" ಎನ್ನುತ್ತಾರೆ ಭೈರಮ್ಮ.

"ನಗೋ ಹೆಗ್ಗಣ" ಎನ್ನುತ್ತಾರೆ ರಾಮಲಕ್ಷ್ಮಮ್ಮ, ಜಗಲಿಯ ನೆರಳಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾ. "ನಾನು ಒಳಗೆ ಬರಲ್ಲ ಭೈರಕ್ಕ. ಇಲ್ಲೇ ಕೂತಿರ್ತೀನಿ. ಮಂಜು ಸಂಜೆಗಂಟ ಇರ್ತದೆ."

ಇನ್ನೂ ಎರಡು ಗರಿ ಕಡ್ಡಿಯಾಗುತ್ತವೆ. ಆಮೇಲೆ ಭೈರಮ್ಮ ಕತ್ತಿ ಕೆಳಗಿಡುತ್ತಾರೆ.

"ಕಟ್ಟೆ ಮುಂದೆ ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ ನೀನು? ಮಂಜು ತೆಗ್ದು ಬಿಸ್ಲಿಗಿಟ್ಟೋಳು ನಾನು. ಅಟ್ಟಕ್ಕೆ ಹಾಕ್ದೋಳು ನಾನು. ಎಲ್ಲರ ಮುಂದೆ ನೀನೊಬ್ಳೇ ಉಗುಸ್ಕೊಂಡೆ. ನಾನು ಕಂಬದ ಹಿಂದೆ ನಿಂತಿದ್ದೆ. ಲೇ ಭೈರಿ, ನೀನೇ ಕಣೇ ಕೆಡಿಸಿದ್ದು ಅಂತ ಒಂದು ಸಲ ಬೈದಿದ್ರೆ, ಅವತ್ತೇ ಹುಡುಗನ್ನ ತಂದು ನಿನ್ನ ಕಾಲ ಮೇಲೆ ಹಾಕ್ತಿದ್ದೆ. ಹೆಂಗ್ ಬರ್ಲಿ? ಯಾವ ಮುಖ ಹೊತ್ಕೊಂಡು ಬರ್ಲಿ?"

ಉತ್ತರ ಬರುವುದು ಎದುರು ಮನೆಯಿಂದ. ಸುವರ್ಣಮ್ಮ ಮಗಳ ಕೈ ಹಿಡಿದು ದಾಟಿ ಬರುತ್ತಾರೆ. ಗಿರಿಜಾ ಬಲಗಾಲು ಊರಿ, ಎಡ ಮೊಣಕಾಲಿನ ಮೇಲೆ ಅಂಗೈ ಒತ್ತಿ, ಒಂದೊಂದೇ ಹೆಜ್ಜೆ ಎಳೆಯುತ್ತಾಳೆ. ಜಗಲಿಯ ಮೇಲಿನ ಇಬ್ಬರೂ ಆ ನಾಲ್ಕು ಮಾರು ದೂರ ಮುಗಿಯುವವರೆಗೆ ಕಾಯುತ್ತಾರೆ. ನಾನು ನೆಲ ನೋಡುತ್ತೇನೆ.

"ಎಲ್ಲ ಕೇಳಿಸ್ತು ಭೈರಕ್ಕ" ಎನ್ನುತ್ತಾರೆ ಸುವರ್ಣಮ್ಮ. "ನಿನ್ನ ಅಟ್ಟದ ವಿಷ್ಯ ನಂಗೆ ಅವತ್ತೇ ಗೊತ್ತು. ಪೆಟ್ಟಿಗೆ ಇಳಿಸುವಾಗ ಮಸಿ ಹತ್ತಿತ್ತು, ಇಪ್ಪತ್ತೇಳು ಜನಾನೂ ನೋಡಿದ್ರು. ಯಾರೂ ಬಾಯಿ ಬಿಡ್ಲಿಲ್ಲ. ನಿನ್ನ ನಾಚ್ಕೆ ನಿನ್ನ ಹತ್ರ ಇಟ್ಕೊ, ಅದನ್ನ ಹುಡುಗನ ಕಾಲಿಗೆ ಕಟ್ಬೇಡ. ಇಳ್ಸು ಅವನ್ನ."

ಭೈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋಗುತ್ತಾರೆ. ಏಣಿ ಕಿರುಗುಟ್ಟುತ್ತದೆ. ಹೊರಗೆ ಬಂದಾಗ ಕಂಕುಳಲ್ಲಿ ಎರಡೂವರೆ ವರ್ಷದ ಬಸವರಾಜು, ಕೂದಲ ತುಂಬ ನಾರಿನ ಪುಡಿ, ಬಾಯಲ್ಲಿ ಕೊಬ್ಬರಿ. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗುತ್ತಾರೆ. "ಪೇಪರ್‌ನೋಳಲ್ವಾ ನೀನು? ನನ್ನ ಹೆಸ್ರು ಬರಿ. ಭೈರಮ್ಮ ಅಂತ ಬರಿ."

ಬರೆದಿದ್ದೇನೆ.

ರಾಮಲಕ್ಷ್ಮಮ್ಮ ಮುಚ್ಚಳ ಎತ್ತುತ್ತಾರೆ. "ಮೊದ್ಲು ಕೈ ಇಡು ಭೈರಕ್ಕ."

ಭೈರಮ್ಮ ಎರಡು ಬೆರಳು ಒಳಗಿಟ್ಟು ಸರಕ್ಕನೆ ತೆಗೆಯುತ್ತಾರೆ. "ಅವ್ವಾ, ಕೊರೀತದೆ!"

"ಹಿಂಗಿರ್ಬೇಕು. ಕೊಬ್ಬರಿ ಉಗುಳ್ಸು ಈಗ."

ಹುಡುಗ ಉಗುಳುವುದಿಲ್ಲ. ಗಿರಿಜಾ ಅಂಗೈ ಒಡ್ಡಿ "ನಂಗ್ ಕೊಡ್ಲಾ" ಎಂದಾಗ ಅವಳ ಕೈಗೆ ಉಗುಳುತ್ತಾನೆ. ಸುವರ್ಣಮ್ಮ ಗದ್ದ ಹಿಡಿಯುತ್ತಾರೆ. ಭೈರಮ್ಮ ಕಣ್ಣು ಮುಚ್ಚಿಕೊಳ್ಳುತ್ತಾರೆ. ರಾಮಲಕ್ಷ್ಮಮ್ಮ ಸೀಸೆ ಬಗ್ಗಿಸುತ್ತಾರೆ. ಒಂದು ಹನಿ. ಎರಡು. ಬಸವರಾಜು ಹುಬ್ಬು ಗಂಟಿಕ್ಕುತ್ತಾನೆ, ಕೆನ್ನೆ ಉಬ್ಬಿಸುತ್ತಾನೆ, ಸುತ್ತ ಇದ್ದವರನ್ನೆಲ್ಲ ಒಮ್ಮೆ ನೋಡುತ್ತಾನೆ.

ನುಂಗುತ್ತಾನೆ.