ರೇಲ್ಸ್ ಅಂದರೆ ರೈಲಲ್ಲ

ಅವತ್ತು ಸೋಮವಾರ. ನಮ್ಮವರು, ಕೇಶವಮೂರ್ತಿ, ಉಪ್ಪಿಟ್ಟು ತಿನ್ನುತ್ತಿದ್ದರು.

"ಪಕ್ಕದ ಬೀದಿ ಗಿರಿಜಮ್ಮನ ಮಗಳಿಗೆ ಬೆಂಗಳೂರಿಗೆ ಟಿಕೆಟ್ ಬೇಕಂತೆ. ನಿಮ್ಮ ಆಫೀಸಲ್ಲಿ ಹೇಳಿ," ಅಂದೆ.

"ನಮ್ಮ ಆಫೀಸಲ್ಲಾ?" ಅಂತ ನಕ್ಕರು. "ಚಲೋ, ನೋಡೋಣ."

ನಾನು ಓದಿದ್ದು ನಾಲ್ಕನೇ ಕ್ಲಾಸು. ಇವರು ಮೊದಲು ಫರೀದಾಬಾದಿನ ಕಾರ್ಖಾನೆಯಲ್ಲಿ ಗುಮಾಸ್ತರು. ಸಂಜೆ ಹೊತ್ತು ಕಲಿತು, 2006ರಲ್ಲಿ ಗುಡಗಾಂವಿನ ಕಂಪ್ಯೂಟರ್ ಆಫೀಸು ಸೇರಿದರು. ಏನು ಕೆಲಸ ಅಂದಾಗ "ರೂಬಿ ಆನ್ ರೇಲ್ಸ್" ಅಂದರು. ರೂಬಿ ಯಾವುದೋ ಹೊಸ ಗಾಡಿ ಅಂದುಕೊಂಡೆ. ದೆಹಲಿಯ ಜನಕಪುರಿಯ ನಮ್ಮ ಕನ್ನಡದ ಹೆಂಗಸರಿಗೆಲ್ಲ "ಇವರಿಗೆ ರೈಲ್ವೆ ಕೆಲಸ ಆಯ್ತು" ಅಂತ ಹೇಳಿಕೊಂಡು ಬಂದೆ.

ಆಮೇಲೆ ರಜೆ ಬಂತೆಂದರೆ ಎಲ್ಲರೂ ನಮ್ಮ ಮನೆಗೆ. "ರೈಲ್ವೆ ರತ್ನಾ, ಯಜಮಾನರಿಗೆ ಹೇಳಿ ಕೆಳಗಿನ ಬರ್ತ್ ಕೊಡಿಸೇ!" ನನಗೆ ಜಂಬ. ಟಿಕೆಟ್ಟೂ ಬರುತ್ತಿತ್ತು.

ಆ ಸೋಮವಾರದ ಮರುದಿನ ಬೆಳಿಗ್ಗೆ ಬೇಗ ಹೊರಟವರು ರಿಸರ್ವೇಶನ್ ಕೌಂಟರಿನ ಮುಂದೆ ಬಿದ್ದರು. ಎದೆಬಡಿತ ನಿಂತುಹೋಗಿತ್ತು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಅವರ ಆಫೀಸಿನ ಮನೋಜ್ ಬಂದಿದ್ದ. ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗ. ಗಿರಿಜಮ್ಮ ನನ್ನ ಕೈ ಹಿಡಿದು, "ಅಳಬೇಡ ಕಣೇ. ಗಂಡನ ಜಾಗದಲ್ಲಿ ರೈಲ್ವೆಯವರು ನಿನಗೇ ಕೆಲಸ ಕೊಡ್ತಾರೆ," ಅಂದರು.

"ಯಾವ ರೈಲ್ವೆ ಆಂಟಿ?" ಅಂದ ಮನೋಜ್. "ಅಂಕಲ್ ವೆಬ್‌ಸೈಟ್ ಮಾಡ್ತಿದ್ರು. ರೇಲ್ಸ್ ಅಂದ್ರೆ ವೆಬ್‌ಸೈಟ್ ಕಟ್ಟೋಕೆ ರೆಡಿ ಇರೋ ಚೌಕಟ್ಟು. ಬಿಟ್ಟಿ ಸಿಗುತ್ತೆ. ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು. ಅಂಕಲ್ ತಿದ್ದಿದ್ದೂ ಅದ್ರಲ್ಲಿ ಇದೆ."

"ಮತ್ತೆ ಟಿಕೆಟ್ಟು?" ಅಂದೆ.

"ಇಂಟರ್‌ನೆಟ್ಟಲ್ಲಿ ಸಿಗದಿದ್ರೆ ಲೈನಲ್ಲಿ ನಿಂತು ತರ್ತಿದ್ರು. ನಾವು ಛೇಡಿಸಿದ್ರೆ, 'ಮನೆಯವಳು ಮಾತು ಕೊಟ್ಟಿದ್ದಾಳಪ್ಪ, ಅದು ಬೀಳಬಾರದು' ಅಂತಿದ್ರು."

ಎಲೆ ಮುಂದೆ ಕೂತವರೆಲ್ಲ ನನ್ನ ಮುಖ ನೋಡಿದರು.

"ಅಯ್ಯೋ, ನಾವೇನು ಲೈನಲ್ಲಿ ನಿಲ್ಲಿ ಅಂದಿದ್ವಾ?" ಅಂದರು ಗಿರಿಜಮ್ಮ.

ಅವರು ಅಂದಿರಲಿಲ್ಲ. ನಾನು ಒಳಗೆ ಹೋಗಿ ಗೋಡೆ ಕಡೆ ತಿರುಗಿ ನಿಂತೆ. ನನ್ನ ಮಾತು ಬೀಳಲಿಲ್ಲ. ಅವರು ಬಿದ್ದರು.

ಈಗಲೂ ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಹಾಲಿನ ಬೂತಿಗೆ ಹೋಗುತ್ತೇನೆ. ಬೂತಿನವನು, "ರೈಲ್ವೇವಾಲಿ ಆಂಟಿ, ಮುಂದೆ ಬನ್ನಿ," ಅನ್ನುತ್ತಾನೆ. "ರೈಲ್ವೆ ಅಲ್ಲ ಭಯ್ಯಾ, ಕಂಪ್ಯೂಟರ್," ಅಂತ ಹೇಳಿ ಲೈನಿನ ಕೊನೆಗೆ ಹೋಗಿ ನಿಲ್ಲುತ್ತೇನೆ.