ಫೋನೇ ಕೊಟ್ಟ ಉತ್ತರ

ಏಳನೇ ಇಯತ್ತೆಗೆ ಶಾಲೆ ಬಿಟ್ಟವ ನಾನು. ಶಿರಸಿಯಲ್ಲಿ ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೇನೆ. ಅದರ ಬುಕಿಂಗ್ ವೆಬ್‌ಪೇಜನ್ನು ವಿಡಿಯೊ ನೋಡಿ ನೋಡಿ ನಾನೇ ಬರೆದೆ, ಯಾರ ಹತ್ತಿರವೂ ಬರೆಸಿದ್ದಲ್ಲ. ಹುಲೇಕಲ್ ಕಡೆಯ ತಗ್ಗಿನ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಲ್ಲಿಂದ ಒತ್ತಿದರೆ ಪೇಜು ಸುಮ್ಮನೆ ತಿರುಗುತ್ತ ಕೂರಬಾರದು ನೋಡಿ, ಅದಕ್ಕೇ ಸರ್ವರ್ ಸಿಗದಾಗ ಬ್ರೌಸರ್ ತಾನೇ ಒಂದು ರೆಸ್ಪಾನ್ಸ್, ಅಂದರೆ ಉತ್ತರ, ತಯಾರಿಸಿ ಕೊಡುವ ಹಾಗೆ ಮಾಡಿದ್ದೆ.

ಒಂದು ಶುಕ್ರವಾರ ದೊಡ್ಡ ಕೊಪ್ಪರಿಗೆಯನ್ನು ಎಕ್ಕಂಬಿ ಊರಿನ ಗಿರಾಕಿಯ ಟೆಂಪೊಗೆ ಏರಿಸುತ್ತಿದ್ದೆವು. ಹುಲೇಕಲ್ಲಿನ ಅಡುಗೆ ಭಟ್ಟರು ಓಡಿಬಂದರು.

“ಅದು ಎನ್ನ ಕೊಪ್ಪರಿಗೆ ಮಾರಾಯಾ! ಭಾನುವಾರ ಗೃಹಪ್ರವೇಶದ ಊಟ ಇದ್ದು. ಆನು ಎಂತದರಲ್ಲಿ ಪಾಯಸ ಮಾಡ್ಲಿ?”

“ನೀವು ಹೇಳೇ ಇಲ್ಲವಲ್ಲ ಭಟ್ರೇ,” ಎಂದಳು ಬುಕಿಂಗ್ ನೋಡಿಕೊಳ್ಳುವ ನನ್ನ ಹೆಂಡತಿ.

“ಬುಕ್ ಆಜು ಹೇಳಿ ಹಸಿರು ಬಂಜು. ಎನ್ನ ಫೋನೇನು ಸುಳ್ಳು ಹೇಳ್ತಾ?”

ನೋಡಿದೆ. ‘ಬುಕ್ ಆಗಿದೆ’ ಎಂಬ ಹಸಿರಕ್ಷರವೇ. ಸಿಗ್ನಲ್ ಇಲ್ಲದ ಮನೆಯಂಗಳದಿಂದ ಒತ್ತಿದ್ದರಂತೆ. ನಾನು ಆ ರೆಸ್ಪಾನ್ಸಿಗೆ ಕೆಲಸ ಆಯಿತೋ ಇಲ್ಲವೋ ಹೇಳುವ ಸ್ಟೇಟಸ್ ಸಂಖ್ಯೆ ಬರೆದೇ ಇರಲಿಲ್ಲ. ಬರೆಯದಿದ್ದರೆ ಬ್ರೌಸರ್ ಇನ್ನೂರು ಎಂದು ಹಾಕಿಕೊಳ್ಳುತ್ತದೆ, ಅಂದರೆ ಎಲ್ಲ ಸರಿ ಅಂತ. ಅದನ್ನು ನಂಬಿ ಪೇಜು ಹಸಿರಾಗಿದೆ; ಅಂಗಡಿಗೆ ಏನೂ ತಲುಪಿಲ್ಲ.

ಹೆಂಡತಿ ಬಿಡಲಿಲ್ಲ. “ಬಾಗಿಲು ಹಾಕಿದ ಮನೆಯ ಹೊಸ್ತಿಲ ಮೇಲೆ ಅಕ್ಷತೆ ಇಟ್ಟು ಬಂದರೆ ಕರೆದ ಹಾಗಾಯ್ತಾ? ಇನ್ನೊಮ್ಮೆ ಹೋಗಿ ಬಾಯಿಬಿಟ್ಟು ಕರೆಯೋದಿಲ್ವಾ? ನಿಮ್ಮ ಪೇಜಿಗೂ ಅದನ್ನೇ ಕಲಿಸಿ.”

ಮೊದಲು ಎಕ್ಕಂಬಿಯ ಗಿರಾಕಿಗೆ ಫೋನು ಮಾಡಿದೆ. ದೊಡ್ಡದರ ಬದಲು ಎರಡು ಸಣ್ಣ ಕೊಪ್ಪರಿಗೆ ಸಾಕಾದೀತೇ ಎಂದೆ. “ರುಚಿ ಪಾತ್ರೆಯಿಂದ ಬರ್ತದೇನ್ರಿ? ಕಳಸ್ರಿ ಕಳಸ್ರಿ,” ಎಂದರು. ದೊಡ್ಡದನ್ನು ಭಟ್ಟರಿಗೆಂದು ಇಳಿಸಿ, ಕೈ ಒರೆಸಿಕೊಂಡು ಕೂತೆ. ಇನ್ನೂರರ ಜಾಗದಲ್ಲಿ ಐನೂರಾ ಮೂರು ಹಾಕಿದೆ, ಅಂದರೆ ಸೇವೆ ಸದ್ಯಕ್ಕೆ ಸಿಗುತ್ತಿಲ್ಲ. ಜೊತೆಗೆ ಕೆಂಪಕ್ಷರ: ‘ಅಂಗಡಿಗೆ ತಲುಪಿಲ್ಲ. ಸಿಗ್ನಲ್ ಇರುವಲ್ಲಿ ಮತ್ತೆ ಒತ್ತಿ.’ ಭಟ್ಟರ ಚಹಾ ಮುಗಿಯುವುದರೊಳಗೆ ತಿದ್ದಿ, ಅವರ ಫೋನಿಗೂ ಹೊಸ ಪೇಜನ್ನು ಇಳಿಸಿಕೊಟ್ಟೆ. ತಿದ್ದುವುದಕ್ಕೂ ಯಾರನ್ನೂ ಕರೆಯಲಿಲ್ಲ.

ಭಾನುವಾರ ಪಾತ್ರೆಯ ಲೆಕ್ಕಕ್ಕೆಂದು ನಾನೂ ತಗ್ಗಿನಲ್ಲಿದ್ದ ಆ ಗೃಹಪ್ರವೇಶದ ಮನೆಗೆ ಹೋಗಿದ್ದೆ. ಭಟ್ಟರು ಒಲೆಯ ಬುಡದಲ್ಲೇ ಮುಂದಿನ ಊಟಕ್ಕೆ ಕೊಪ್ಪರಿಗೆ ಬುಕ್ ಮಾಡಿದರು. ಕೆಂಪು.

“ನಿನ್ನ ಪೇಜು ಎನ್ನ ಗುಡ್ಡ ಹತ್ತಿಸ್ತು ನೋಡು,” ಎಂದು ಗೊಣಗುತ್ತ ಸೌಟು ಹಿಡಿದೇ ಸಿಗ್ನಲ್ ಸಿಗುವ ಮೇಲಿನ ರಸ್ತೆಗೆ ಏರಿದರು. ನಾನೂ ಹಿಂದೆ ಹೋದೆ. ಅಲ್ಲಿ ಒತ್ತಿದರು. ಹಸಿರು. ಭಟ್ಟರಿಗೆ ನಂಬಿಕೆ ಬರಲಿಲ್ಲ. ನನ್ನ ಮುಖ ನೋಡಿದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು.

“ಭಟ್ರದ್ದು ಬುಕಿಂಗ್ ಬಂತು,” ಎಂದಳು ಅಂಗಡಿಯಲ್ಲಿದ್ದ ಹೆಂಡತಿ, ಭಟ್ಟರಿಗೂ ಕೇಳುವ ಹಾಗೆ.

“ಈಗ ಆತು,” ಎಂದರು ಭಟ್ಟರು. “ನಡಿ, ಪಾಯಸ ತಣೀತು.”