ಬಟ್ಟಲು ತಂದವಳು

ನಮ್ಮಕ್ಕ ಇಪ್ಪತ್ತಾರು ವರ್ಷ ಸತ್ತಳು. ವಾರಕ್ಕೆ ಮೂರು ಸಲ, ಜ್ವರ ಬಂದ್ರೂ ಬಿಡದೆ. ನಾಟಕದಲ್ಲಿ.

ನಾನು ಅದೇ ಕಂಪನೀಲಿ ಪರದೆ ಎಳೆಯೋನು. ಓದಿದ್ದು ನಾಲ್ಕನೇ ಕ್ಲಾಸು. ಅಕ್ಕನ ಬಗ್ಗೆ ಬರಿ ಅಂದ್ರು. ಕಂಡಿದ್ದು ಬರೀತೀನಿ.

ಹಗಲು ಹೊತ್ತು ಅಕ್ಕ ಕಂಪನಿಗೆ ದರ್ಜಿ. ವೇದಿಕೆ ಹಿಂದಿನ ಕೋಣೇಲಿ ಒಂದು ಹೊಲಿಗೆ ಮಿಷನ್ನು, ಒಂದು ಕಿಟಕಿ, ಗೋಡೆ ತುಂಬ ಮೊಳೆ. ಮೊಳೆಗೊಬ್ಬ ರಾಜ ನೇತಾಡ್ತಿದ್ದ. ಮಂತ್ರಿ ಹೊಟ್ಟೆ ಬೆಳೆದ ಹಾಗೆಲ್ಲ ಅಂಗಿ ಬಿಚ್ಚಿ ಅಗಲ ಮಾಡೋದು, ಸೇನಾಪತಿ ಕತ್ತಿ ಸಿಕ್ಕಿಸ್ಕೊಂಡು ಹರ್ಕೊಂಡಿದ್ದನ್ನ ಹೊಲಿಯೋದು, ಎಲ್ಲಾ ಅವಳೇ. ಬಾಯಲ್ಲಿ ಸೂಜಿ ಕಚ್ಕೊಂಡೇ ಮಾತಾಡೋಳು. ಮಾತು ಚುಚ್ಚುತ್ತೆ ಅಂತ ಯಾರಾದ್ರೂ ಅಂದ್ರೆ, ಚುಚ್ಚದೆ ಹೊಲಿಯೋಕಾಗುತ್ತಾ ಅನ್ನೋಳು.

ಸಂಜೆ ಆದ್ರೆ ರಾಣಿ.

ನಾಟಕ ಇಷ್ಟೇ. ರಾಜ ಯುದ್ಧ ಮುಗಿಸಿ ಬರ್ತಾನೆ. ಯಾರೋ ಕಿವಿ ಊದ್ತಾರೆ. ರಾಣಿ ಮೇಲೆ ಅನುಮಾನ. ರಾಜ ಮಂತ್ರೀನ ಕೇಳ್ತಾನೆ, ಮಂತ್ರಿ ಗುರುಗಳನ್ನ ಕೇಳ್ತಾನೆ, ಗುರುಗಳು ಆಕಾಶ ನೋಡ್ತಾರೆ. ರಾಣೀನ ಯಾರೂ ಕೇಳಲ್ಲ. ದಾಸಿ ಬಟ್ಟಲಲ್ಲಿ ವಿಷ ತರ್ತಾಳೆ. ತಾನು ಪತಿವ್ರತೆ ಅಂತ ತೋರಿಸೋಕೆ ರಾಣಿ ಕುಡಿದು ಸಾಯ್ತಾಳೆ. ಸತ್ತ ಮೇಲೆ ಅವಳದ್ದೇನೂ ತಪ್ಪಿಲ್ಲ ಅಂತ ತಿಳಿಯುತ್ತೆ. ರಾಜ ಹೆಣ ಎತ್ಕೊಂಡು ಇಪ್ಪತ್ತು ನಿಮಿಷ ಅಳ್ತಾನೆ.

ರಾಜ ನಮ್ಮ ಯಜಮಾನ್ರೇ. ಕಂಪನಿ ಅವರದ್ದು, ನಾಟಕ ಬರೆದೋರೂ ಅವರು. ಅಳೋದ್ರಲ್ಲಿ ಎತ್ತಿದ ಕೈ. ಹಿಂದಿನಿಂದ ನಾವೆಲ್ಲ ಅಳುಮಹಾರಾಜ ಅಂತಿದ್ವಿ. ರಾಣಿಗೆ ಇಡೀ ನಾಟಕದಲ್ಲಿ ಹತ್ತೊಂಬತ್ತು ಮಾತು. ಅದ್ರಲ್ಲಿ ಹನ್ನೊಂದು ಬರೀ ‘ನಾಥಾ’.

“ಸಾಯೋಳು ನಾನು, ಚಪ್ಪಾಳೆ ಅವರಿಗೆ,” ಅನ್ನೋಳು ಅಕ್ಕ. “ಮೂಗಲ್ಲಿ ನವೆ ಎದ್ರೂ ಹೆಣ ತುರಿಸ್ಕೊಳ್ಳೋ ಹಾಗಿಲ್ಲ.”

ಹಾಗಂದ್ರೂ ಆ ಪಾತ್ರ ಅಂದ್ರೆ ಅವಳಿಗೆ ಜೀವ. ಭಾವ ಬಿಟ್ಟು ಹೋದಾಗ ಬೀದಿಯವರೆಲ್ಲ ಅವಳನ್ನ ಗಂಡ ಬಿಟ್ಟೋಳು ಅಂತಿದ್ರು. ರಾಣಿ ಪಾತ್ರ ಹಿಡಿದ ಮೇಲೆ ಅದೇ ಜನ ಮಹಾರಾಣಿ ಅಂದ್ರು. ತರಕಾರಿ ಅಂಗಡಿಯವನಂತೂ, “ಬನ್ನಿ ಮಹಾರಾಣಿ, ಬದನೆಕಾಯಿ ಎಳೇದಿದೆ, ಸಾಯೋದ್ರೊಳಗೆ ತಿಂದ್ಬಿಡಿ,” ಅಂತ ಕರೀತಿದ್ದ. ವೇದಿಕೆ ಹೋದ್ರೆ ಹಳೇ ಹೆಸರೇ ಗತಿ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಸಂಜೆ ರಾಜ ಹೆಣ ಎತ್ತೋಕೆ ಬಗ್ಗಿದೋರು ಬಗ್ಗಿದ ಹಾಗೇ ಉಳಿದ್ರು. ಸೊಂಟ ಹಿಡ್ಕೊಂಡಿತ್ತು. ಎಂಥಾ ದುಃಖ ಅಂತ ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಹೆಣ ಮೆಲ್ಲಗೆ, “ಬಿಸಿನೀರು ಕಾಯಿಸೋಕೆ ಹೇಳ್ಲಾ?” ಅಂತ ಕೇಳ್ತು.

ಮಾರನೇ ದಿನ ಯಜಮಾನ್ರು ಸೊಂಟಕ್ಕೆ ದಿಂಬು ಕಟ್ಕೊಂಡು ಹೊಲಿಗೆ ಕೋಣೆಗೆ ಬಂದ್ರು.

“ನೋಡಮ್ಮಾ, ಬೇಜಾರು ಮಾಡ್ಕೋಬೇಡ.”

“ಮೊದಲು ವಿಷಯ ಹೇಳಿ. ಬೇಜಾರು ಆಮೇಲೆ ನೋಡೋಣ.”

“ದುಃಖದ ನಾಟಕದ ಹೆಂಗಸು ತೆಳ್ಳಗಿರ್ಬೇಕು. ಊಟ ಬಿಟ್ಟು ಕೊರಗ್ತಿದ್ದಾಳೆ ಅನ್ನಿಸ್ಬೇಕು. ನಿನ್ನ ನೋಡಿದ್ರೆ ಊಟ ಬಿಟ್ಟ ಹಾಗೆ ಕಾಣಲ್ಲ.”

“ರಾಜ ಆದೋನು ಹೆಂಡ್ತೀನ ಎತ್ತೋ ಅಷ್ಟು ಗಟ್ಟಿ ಇರ್ಬೇಕು ಅಂತ ನೀವು ಎಲ್ಲೂ ಬರೆದಿಲ್ವಾ?”

ಯಜಮಾನ್ರು ದಿಂಬು ಸರಿ ಮಾಡ್ಕೊಂಡ್ರು. ಹೊಸ ಹುಡುಗಿ ಬರ್ತಾಳೆ, ದಾಸಿ ಮಾಡ್ತಿದ್ದೋಳು ಹೇಗೂ ಕಂಪನಿ ಬಿಟ್ಟಳು, ನೀನು ದಾಸಿ ಆಗು, ಅದು ಸರಿಹೋಗ್ಲಿಲ್ಲ ಅಂದ್ರೆ ಬರೀ ಹೊಲಿಗೆ ಮಾಡ್ಕೊಂಡಿರು ಅಂದು ಹೋದ್ರು.

ಹೊಸ ಹುಡುಗಿ ಬಂದ್ಲು. ಕಡ್ಡಿ ಅಂತ ಹೆಸರಿಟ್ವಿ. ರಾಣಿ ಉಡುಪನ್ನ ಅವಳ ಅಳತೆಗೆ ಅಕ್ಕನೇ ಚಿಕ್ಕದು ಮಾಡಿದ್ಲು. ಎರಡೂ ಕಡೆ ಒಂದೊಂದು ಗೇಣು ಹೋಯ್ತು. ಆ ತುಂಡು ಎರಡನ್ನೂ ಕೈಯಲ್ಲಿ ಹಿಡ್ಕೊಂಡು ಕೂತಿದ್ಲು. ನಾನು ಏನಾದ್ರೂ ಹೇಳ್ಬೇಕು ಅಂತ ನಿಂತೆ.

“ಹೋಗೋ, ನಿನ್ನ ಹಗ್ಗ ನೋಡ್ಕೋ,” ಅಂದ್ಲು.

ದಾಸಿಗೆ ಇದ್ದಿದ್ದು ಒಂದೇ ಮಾತು. ‘ತಾಯಿ, ಬಟ್ಟಲು ತಂದಿದ್ದೇನೆ.’ ಅಷ್ಟು ಹೇಳಿ ತಲೆ ತಗ್ಗಿಸಿ ಪಕ್ಕಕ್ಕೆ ನಿಲ್ಬೇಕು.

ಅವತ್ತು ಜನ ತುಂಬಿದ್ರು. ಕಡ್ಡಿ ಮೊದಲ ಅಂಕ ಹೇಗೋ ದಾಟಿದ್ಲು. ವಿಷದ ಹೊತ್ತಿಗೆ ಅಷ್ಟೂ ಮುಖ ಒಟ್ಟಿಗೆ ಕಂಡ್ವೋ ಏನೋ, ನಾಲಿಗೆ ಒಣಗಿ ನಿಂತ್ಬಿಟ್ಲು. ಅಕ್ಕ ಬಟ್ಟಲು ತಂದು, ತನ್ನ ಮಾತು ಹೇಳಿ, ನೀಡಿದ್ಲು. ಕಡ್ಡಿ ಕೈ ಮುಂದೆ ಬರ್ಲಿಲ್ಲ.

“ಅಕ್ಕಾ, ಈಗ ಏನು ಹೇಳ್ಬೇಕು?” ಅಂದ್ಲು. ಪಿಸುಮಾತು ಅಂದ್ಕೊಂಡಿದ್ಲು. ಕೊನೇ ಸಾಲಿಗೂ ಕೇಳಿಸ್ತು.

ಅಕ್ಕ ಅವಳ ಮುಖ ನೋಡಿದ್ಲು. ಅಳು ಬರೋ ಹಾಗಿತ್ತು ಆ ಹುಡುಗಿಗೆ.

“ನಂಗೆ ಬೇಡ ಅಂತ ಹೇಳಮ್ಮಾ,” ಅಂದ್ಲು ಅಕ್ಕ.

“ನಂಗೆ ಬೇಡ,” ಅಂದ್ಲು ಕಡ್ಡಿ.

ಜನರಲ್ಲಿ ಯಾರೋ ಮುದುಕಿ, “ಕುಡೀಬೇಡ ಬಿಡೇ,” ಅಂದ್ರು. ನಕ್ರು ಎಲ್ರೂ.

ಅಕ್ಕ ಬಟ್ಟಲು ಎತ್ತಿ ತಾನೇ ಗಟಗಟ ಕುಡಿದ್ಬಿಟ್ಲು. ಸೆರಗಲ್ಲಿ ಬಾಯಿ ಒರೆಸ್ಕೊಂಡ್ಲು. ಮಂತ್ರಿ ಹೆದರಿ ಒಂದು ಹೆಜ್ಜೆ ಹಿಂದೆ ಹೋದ.

“ದಾಸೀ,” ಅಂದ್ರು ರಾಜ. ಮುಂದಿನ ಮಾತು ಅವರಿಗೂ ಗೊತ್ತಿರ್ಲಿಲ್ಲ.

“ಹೆದರ್ಬೇಡಿ ಪ್ರಭು, ಸಕ್ಕರೆ ನೀರು. ಮಂತ್ರೀನ ಕೇಳಿದ್ರಿ, ಗುರುಗಳನ್ನ ಕೇಳಿದ್ರಿ. ತಂದೋಳು ನಾನು. ಏನು ತಂದೆ ಅಂತ ನನ್ನ ಒಬ್ರಾದ್ರೂ ಕೇಳಿದ್ರಾ?”

ಚಪ್ಪಾಳೆ ಬಿತ್ತು. ಯಜಮಾನ್ರು ಅಕ್ಕನ ಹತ್ರ ಸರಿದು ಹಲ್ಲು ಕಚ್ಚಿ, “ಏಯ್, ಈಗ ನಾನು ಯಾರನ್ನ ನೋಡಿ ಅಳ್ಲಿ?” ಅಂದ್ರು.

ಅಕ್ಕ ದೊಡ್ಡದಾಗೇ ಹೇಳಿದ್ಲು. “ರಾಣಿ ಇಲ್ಲೇ ನಿಂತಿದ್ದಾರಲ್ಲ ಪ್ರಭು. ಬದುಕಿರೋವಾಗ್ಲೇ ಅತ್ಬಿಡಿ.”

ಯಜಮಾನ್ರು ಕಡ್ಡಿ ಕಡೆ ತಿರುಗಿದ್ರು. ಕಡ್ಡಿ ಅವರನ್ನೇ ನೋಡ್ತಾ ನಿಂತಿದ್ಲು. ಹೆಣ ಆಗಿದ್ರೆ ಕಣ್ಣು ಮುಚ್ಚಿರೋದು. ಅವರು ಬಾಯಿ ತೆಗೆದ್ರು, ಎದೆ ಮೇಲೆ ಕೈ ಇಟ್ರು, ಅಳು ಬರ್ಲಿಲ್ಲ. ಇಪ್ಪತ್ತು ನಿಮಿಷದ ಅಳು ಇಳಿದು ಇಳಿದು ಕೊನೆಗೆ ‘ತಪ್ಪಾಯ್ತು’ ಅನ್ನೋ ಒಂದು ಮಾತಾಯ್ತು. ಅದೂ ಕೆಮ್ಮಿದ ಹಾಗೆ. ಪಾಪ ಅನ್ನಿಸಿ ನಾನು ಪರದೆ ಬಿಟ್ಟೆ.

ಬೆಳಿಗ್ಗೆ ಎಂಟಕ್ಕೇ ಯಜಮಾನ್ರು ಹೊಲಿಗೆ ಕೋಣೇಲಿ ಹಾಜರು.

“ನನ್ನ ನಾಟಕಕ್ಕೆ ಮಣ್ಣು ಹಾಕ್ದೆ. ಕುಡೀಬೇಕಾದೋಳು ಅವಳು.”

“ಅವಳಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಈಗ್ಲೇ ಸಾಯೋಕೆ ಶುರು ಮಾಡಿದ್ರೆ ನನ್ನ ಹಾಗೇ ಆಗ್ತಾಳೆ.”

“ನಾಳೆಯಿಂದ ಮೊದಲಿನ ಹಾಗೇ ಆಗ್ಬೇಕು. ಇಲ್ದಿದ್ರೆ ನೀನು ವೇದಿಕೆ ಹತ್ತೋದು ಬೇಡ.”

ಅಕ್ಕನ ಕಾಲು ಮಿಷನ್ ಮೇಲೆ ನಿಂತ್ಹೋಯ್ತು. ನಾನು ಬಾಗಿಲಲ್ಲಿದ್ದೆ. ಒಪ್ಕೋ ಅಂತ ಕಣ್ಸನ್ನೆ ಮಾಡಿದೆ. ನೋಡಿದ್ರೂ ನೋಡದ ಹಾಗೆ ಮಾಡಿದ್ಲು.

“ಆಗ್ಲಿ, ಹತ್ತಲ್ಲ,” ಅಂದ್ಲು. “ಬಟ್ಟಲು ಯಾರು ತರ್ತಾರೆ?”

“ಇನ್ನೊಬ್ಬಳು ತರ್ತಾಳೆ.”

“ಯಾರು? ಗುಡಿಸೋಳು ಆಗಲ್ಲ ಅಂದ್ಲು. ಬಾಗಿಲಲ್ಲಿ ಟಿಕೆಟ್ ಹರಿಯೋಳೂ ಆಗಲ್ಲ ಅಂದ್ಲು. ಬೆಳಿಗ್ಗೆ ಇಬ್ರೂ ಇಲ್ಲಿಗೇ ಬಂದು ಹೇಳಿ ಹೋದ್ರು. ನೀವೇ ತನ್ನಿ.”

“ನಾನಾ? ರಾಜನೇ ವಿಷ ತಂದ್ಕೊಟ್ರೆ ಅದು ಕೊಲೆ ಆಗ್ಬಿಡುತ್ತಲ್ಲ.”

ಅಕ್ಕ ಹಲ್ಲಲ್ಲಿ ದಾರ ಕಚ್ಚಿ ತುಂಡು ಮಾಡಿದ್ಲು.

ತಾನು ಹೇಳಿದ್ದು ತನಗೇ ಕೇಳಿಸ್ತು ಅಂತ ಕಾಣುತ್ತೆ, ಯಜಮಾನ್ರು ಸ್ಟೂಲ್ ಎಳ್ಕೊಂಡು ಕೂತ್ರು. ಜೇಬಿಂದ ಪೆನ್ನು ತೆಗೆದ್ರು.

“ದಾಸಿಗೆ ಎಷ್ಟು ಮಾತು ಬೇಕು, ಹೇಳು.”

“ರಾಣಿಗೆ ಎಷ್ಟು ಕೊಡ್ತೀರಿ, ಅದನ್ನ ಮೊದ್ಲು ಹೇಳಿ.”

ಬರೆಯೋಕೆ ಕೂತ್ರು. ಅಕ್ಕ ಹೊಲೀತಾ ಹೇಳೋಳು, ಅವರು ಬರೆಯೋರು. ಊಟದ ಹೊತ್ತು ದಾಟ್ತು. ನನ್ನ ಮೂರು ಸಲ ಕಾಗದ ತರೋಕೆ ಓಡಿಸಿದ್ರು. ಮೂರನೇ ಸಲ ನಾನು ಬಂದಾಗ ಯಜಮಾನ್ರು ಬೆರಳ ನೆಟಿಗೆ ತೆಗೀತಾ ಕೇಳ್ತಿದ್ರು.

“ರಾಜನಿಗೂ ಒಂದೆರಡು ಮಾತು ಉಳಿಸಮ್ಮಾ.”

“ಜಾಗ ಇದ್ರೆ ನೋಡೋಣ,” ಅಂದ್ಲು ಅಕ್ಕ.